ಮೊದಲು ಬೂಟು, ಆಮೇಲೆ ಸ್ಕೀ

ಅಕ್ಟೋಬರ್ ಬರುತ್ತಿದ್ದಂತೆ ಮ್ಯೂನಿಕ್‌ನ ಕ್ರೀಡಾ ಸಾಮಗ್ರಿ ಅಂಗಡಿಗಳಲ್ಲಿ ಸೈಕಲ್ಲುಗಳು ಹಿಂದಕ್ಕೆ ಸರಿದು, ಸ್ಕೀಗಳು ಮುಂದಕ್ಕೆ ಬಂದು ಸಾಲಾಗಿ ನಿಲ್ಲುತ್ತವೆ. ಕೆಲಸಕ್ಕೆಂದು ಇಲ್ಲಿಗೆ ಬರುವ ನಮ್ಮವರು ಮೊದಲ ಚಳಿಗಾಲದಲ್ಲಿ ಹಿಮದ ಮೇಲೆ ಜಾರಿ ಬಿದ್ದು ನಗುತ್ತಾರೆ, ಎರಡನೆಯದರಲ್ಲಿ ಕಲಿಯುತ್ತಾರೆ, ಮೂರನೆಯದರ ಹೊತ್ತಿಗೆ ಹುಚ್ಚು ಹಿಡಿದಿರುತ್ತದೆ. ಹಾಸನದಲ್ಲಿ ಬೆಳೆದು ಮೈಸೂರಿನಲ್ಲಿ ಇಂಜಿನಿಯರಿಂಗ್ ಓದಿದ ನನ್ನ ಕಥೆಯೂ ಇದೇ. ಈಗ ಏಳು ಚಳಿಗಾಲ ಆಯಿತು. ವರ್ಷಕ್ಕೆ ಹದಿನೈದು ದಿನ, ಹೆಚ್ಚಾಗಿ ಶನಿವಾರಗಳಲ್ಲಿ, ಲೆಂಗ್‌ಗ್ರೀಸ್ ಪಕ್ಕದ ಬ್ರೌನೆಕ್ ಅಥವಾ ಗಾರ್ಮಿಶ್ ಕಡೆಗೆ ರೈಲು ಹತ್ತುತ್ತೇವೆ. ಸ್ಪರ್ಧೆಗೆ ಇಳಿಯುವವಳಲ್ಲ. ಆದರೆ ಕಡಿದಾದ ಕೆಂಪು ಇಳಿಜಾರನ್ನು ನೆಮ್ಮದಿಯಾಗಿ ಇಳಿಯುತ್ತೇನೆ, ಕಪ್ಪು ಇಳಿಜಾರನ್ನೂ ಮನಸ್ಸಿದ್ದರೆ ಇಳಿಯುತ್ತೇನೆ.

ಕಳೆದ ವರ್ಷ ಫೆಬ್ರವರಿಯಲ್ಲಿ ಮಾತ್ರ ಸ್ಕೀಯಿಂಗ್ ಬಿಟ್ಟುಬಿಡೋಣ ಅನ್ನಿಸಿತ್ತು. ಹನ್ನೊಂದು ಗಂಟೆಗೆಲ್ಲ ಎಡಗಾಲಿನ ಬೆರಳುಗಳು ಮರಗಟ್ಟುತ್ತಿದ್ದವು. ಗಂಡ, ಗೆಳೆಯರು ಮೇಲಕ್ಕೆ ಹೋದರೆ ನಾನು ಕೆಳಗಿನ ಹೋಟೆಲಿನಲ್ಲಿ ಬೂಟು ಬಿಚ್ಚಿಟ್ಟು ಕಾಲು ಉಜ್ಜುತ್ತಾ ಕೂರುತ್ತಿದ್ದೆ. ಚಳಿ ಜಾಸ್ತಿ, ದಪ್ಪ ಕಾಲುಚೀಲ ಹಾಕು ಅಂತ ಎಲ್ಲರ ಸಲಹೆ. ನಿಜವಾದ ಕಾರಣ ಬೇರೆಯೇ ಇತ್ತು.

ಸ್ಕೀ ಬೂಟಿನಲ್ಲಿ ಎರಡು ಭಾಗ. ಹೊರಗೆ ಗಟ್ಟಿ ಪ್ಲಾಸ್ಟಿಕ್ಕಿನ ಶೆಲ್, ಒಳಗೆ ಸ್ಪಂಜಿನಂಥ ಲೈನರ್. ವರ್ಷಗಟ್ಟಲೆ ತುಳಿದ ಮೇಲೆ ಲೈನರ್ ಒತ್ತಿಕೊಂಡು ತೆಳ್ಳಗಾಗುತ್ತದೆ. ನನ್ನ ಬೂಟಿಗೆ ಆರು ಚಳಿಗಾಲ ಆಗಿತ್ತು. ಒಳಗೆ ಜಾಗ ಹೆಚ್ಚಾಗಿ ಹಿಮ್ಮಡಿ ಮೇಲೇಳುತ್ತದೆ. ಅದನ್ನು ಹಿಡಿದು ನಿಲ್ಲಿಸಲು ಬಕಲ್ಲನ್ನು ಒಂದೊಂದೇ ಹಲ್ಲು ಬಿಗಿ ಮಾಡುತ್ತಾ ಹೋಗುತ್ತೀರಿ. ಪಾದದ ಮೇಲ್ಭಾಗದಲ್ಲಿ ರಕ್ತನಾಳ, ನರ ಎರಡೂ ಚರ್ಮಕ್ಕೆ ಹತ್ತಿರದಲ್ಲೇ ಇರುವುದರಿಂದ ಅಲ್ಲಿ ಅದುಮಿದರೆ ಬೆರಳು ತಣ್ಣಗಾಗದೆ ಇನ್ನೇನಾಗುತ್ತೆ? ಅಂದರೆ ಕಾಲು ಮರಗಟ್ಟುವುದು ಬೂಟು ಚಿಕ್ಕದಾದಾಗ ಮಾತ್ರ ಅಲ್ಲ, ದೊಡ್ಡದಾದಾಗಲೂ. ದಪ್ಪ ಕಾಲುಚೀಲ ಹಾಕಿದರೆ ಇನ್ನಷ್ಟು ಕೆಡುತ್ತದೆ. ತೆಳುವಾದದ್ದು, ಒಂದೇ ಒಂದು ಜೊತೆ ಸಾಕು.

ಹೊಸದು ಕೊಳ್ಳುವಾಗ ಬಹಳ ಜನ ಮೊದಲು ಸ್ಕೀ ನೋಡುತ್ತಾರೆ. ಬಣ್ಣ ಚೆನ್ನಾಗಿರುತ್ತದೆ, ಹೆಸರು ದೊಡ್ಡದಿರುತ್ತದೆ. ನನ್ನ ಪ್ರಕಾರ ದುಡ್ಡು ಮೊದಲು ಬೂಟಿಗೆ ಎತ್ತಿಡಬೇಕು, ಉಳಿದದ್ದು ಸ್ಕೀಗೆ. ಒಳ್ಳೆಯ ಸ್ಕೀ ಬಾಡಿಗೆಗೆ ಎಲ್ಲಿ ಬೇಕಾದರೂ ಸಿಗುತ್ತದೆ. ನಿಮ್ಮ ಕಾಲಿಗೆ ಕೂತ ಬೂಟು ಬಾಡಿಗೆಗೆ ಸಿಗಲ್ಲ. ಮೊಣಕಾಲು ತಿರುಗಿಸಿದ್ದು ಸ್ಕೀಯ ಅಂಚಿಗೆ ತಲುಪುವುದೂ ಬೂಟಿನ ಮೂಲಕವೇ. ನಡುವೆ ಕಾಲು ಅಲುಗಾಡುತ್ತಿದ್ದರೆ ಎಂಥ ಸ್ಕೀ ಆದರೂ ಮಾತು ಕೇಳುವುದಿಲ್ಲ.

ಬೂಟಿನ ಅಳತೆಗೆ ಮೊಂಡೊಪಾಯಿಂಟ್ ಅನ್ನುತ್ತಾರೆ. ಹೆಸರು ಏನೋ ದೊಡ್ಡದಾಗಿ ಕೇಳಿಸಿದರೂ ಅದು ಪಾದದ ಉದ್ದ, ಸೆಂಟಿಮೀಟರಿನಲ್ಲಿ, ಅಷ್ಟೇ. ನನ್ನ ಬಲಗಾಲು 24, ಎಡಗಾಲು ಮೂರು ಮಿಲಿಮೀಟರ್ ಹೆಚ್ಚು. 24 ಮತ್ತು 24.5 ಎರಡಕ್ಕೂ ಸಾಮಾನ್ಯವಾಗಿ ಶೆಲ್ ಒಂದೇ ಇರುತ್ತದೆ, ಹಾಗಾಗಿ ಆ ಅರ್ಧಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ನಾನು ಹೋದ ಮೊದಲನೆಯ ಅಂಗಡಿಯಲ್ಲಿ ಅಳತೆಯನ್ನೇ ತೆಗೆಯದೆ, ಚಪ್ಪಲಿ ನಂಬರ್ ಕೇಳಿ 25.5 ತಂದಿಟ್ಟರು. ಹಾಕಿದರೆ ಹಾಯೆನಿಸಿತು, ಮನೆಯ ಚಪ್ಪಲಿಯ ಹಾಗೆ. ಅದೇ ತೊಂದರೆ. ಥ್ಯಾಂಕ್ಸ್ ಹೇಳಿ ಹೊರಬಂದೆ.

ಎರಡನೆಯ ಅಂಗಡಿಯವರು ಅರವತ್ತು ದಾಟಿದ ಹಿರಿಯರು. ನಿಂತಾಗ ಒಂದು ಅಳತೆ, ಕೂತಾಗ ಒಂದು, ಪಾದದ ಅಗಲ, ಮೀನಖಂಡದ ಸುತ್ತಳತೆ, ಕಾಲು ಮುಂದಕ್ಕೆ ಎಷ್ಟು ಬಾಗುತ್ತದೆ ಅನ್ನುವುದು, ಎಲ್ಲವನ್ನೂ ಬರೆದುಕೊಂಡರು. ಆಮೇಲೆ ಲೈನರ್ ತೆಗೆದು ಬರಿಯ ಶೆಲ್ಲಿನೊಳಗೆ ಕಾಲಿಡಲು ಹೇಳಿದರು. ಬೆರಳ ತುದಿ ಮುಂದೆ ತಾಗಿಸಿ, ಹಿಮ್ಮಡಿಯ ಹಿಂದೆ ಎಷ್ಟು ಜಾಗ ಇದೆ ನೋಡುವುದು. ಒಂದೂವರೆಯಿಂದ ಎರಡು ಸೆಂಟಿಮೀಟರ್ ಇದ್ದರೆ ನನ್ನಂಥ ಹವ್ಯಾಸಿಗಳಿಗೆ ಸರಿ. ಅದಕ್ಕಿಂತ ಹೆಚ್ಚಿದ್ದರೆ ಬೂಟು ದೊಡ್ಡದು, ಅಂಗಡಿಯವರು ಏನೇ ಹೇಳಲಿ. ಈ ಒಂದು ಪರೀಕ್ಷೆ ಗೊತ್ತಿದ್ದರೆ ನಿಮಗೆ ಯಾರೂ ಟೋಪಿ ಹಾಕಲಾರರು.

ಲೈನರ್ ಹಾಕಿ ನೆಟ್ಟಗೆ ನಿಂತರೆ ಬೆರಳು ಮುಂದೆ ತಾಗುತ್ತದೆ. ಗಾಬರಿ ಬೇಡ. ಮೊಣಕಾಲು ಬಗ್ಗಿಸಿ ಮುಂದಕ್ಕೆ ವಾಲಿದಾಗ ಹಿಮ್ಮಡಿ ಹಿಂದಕ್ಕೆ ಕೂತು ಬೆರಳು ಬಿಡಿಸಿಕೊಳ್ಳಬೇಕು. ಹಾಗೆಯೇ ಇಪ್ಪತ್ತು ನಿಮಿಷ ಅಂಗಡಿಯಲ್ಲೇ ಓಡಾಡಿ. ನಾನು ಎರಡು ಬಗೆಯ ಬೂಟು ಹಾಕಿಕೊಂಡು, ಆಫೀಸಿನ ಒಂದು ಕಾಲನ್ನೂ ಅಲ್ಲೇ ನಿಂತು ಮುಗಿಸಿದೆ!

ಇನ್ನು ಫ್ಲೆಕ್ಸ್, ಅಂದರೆ ಬೂಟು ಮುಂದಕ್ಕೆ ಬಾಗಲು ಎಷ್ಟು ಗಟ್ಟಿ ಅನ್ನುವ ಸಂಖ್ಯೆ. 60ರಿಂದ 130ರವರೆಗೆ ಬರೆದಿರುತ್ತಾರೆ. ಇದಕ್ಕೆ ಎಲ್ಲ ಕಂಪನಿಗಳೂ ಒಪ್ಪಿದ ಮಾಪನವಿಲ್ಲ. ಒಬ್ಬರ 90 ಇನ್ನೊಬ್ಬರ 100 ಆಗಬಹುದು, ಲ್ಯಾಪ್‌ಟಾಪ್ ಕಂಪನಿಗಳು ಹೇಳುವ ಬ್ಯಾಟರಿ ಗಂಟೆಗಳ ಹಾಗೆ. ಜೊತೆಗೆ ಪ್ಲಾಸ್ಟಿಕ್ ಚಳಿಗೆ ಬಿಗಿಯಾಗುತ್ತದೆ, ಬೆಚ್ಚಗಿನ ಅಂಗಡಿಯಲ್ಲಿ ಸಲೀಸಾಗಿ ಬಾಗಿದ್ದು ಬೆಟ್ಟದ ಮೇಲೆ ಅಷ್ಟು ಬಾಗಲ್ಲ. ಹೆಂಗಸರಿಗೆ ಇನ್ನೊಂದು ಮಾತು. ನಮ್ಮ ಮೀನಖಂಡ ಸಾಮಾನ್ಯವಾಗಿ ಗಂಡಸರಿಗಿಂತ ಕೆಳಗಿನಿಂದಲೇ ದಪ್ಪವಾಗುತ್ತದೆ, ಅದಕ್ಕೇ ಹೆಂಗಸರ ಬೂಟಿನ ಮೇಲುಪಟ್ಟಿ ಗಿಡ್ಡ. ಅದು ನಿಜವಾದ ಅನುಕೂಲ. ಆದರೆ ಹೆಂಗಸು ಅಂದ ಕೂಡಲೇ ಮೆತ್ತಗಿನ 70 ತಂದು ಕೊಟ್ಟರೆ ತಗೋಬೇಡಿ, ನೀವು ಹೇಗೆ ಇಳಿಯುತ್ತೀರಿ ಅಂತ ಕೇಳುವವರ ಹತ್ತಿರ ಹೋಗಿ. ನನಗೆ 95 ಹೊಂದಿತು.

ಬೂಟು 480 ಯೂರೋ, ಪಾದದ ಅಚ್ಚಿಗೆ ಮಾಡಿಸಿದ ಒಳಅಟ್ಟೆ 120. ಅಮ್ಮನಿಗೆ ಫೋನಿನಲ್ಲಿ ಹೇಳಿದೆ.

"ಒಂದು ಜೊತೆ ಬೂಟಿಗೆ ಅರವತ್ತು ಸಾವಿರನಾ? ಏನೇ, ಬಂಗಾರದ್ದಾ?"

"ಅಮ್ಮಾ, ಮೊಣಕಾಲು ರಿಪೇರಿ ಇದಕ್ಕಿಂತ ದುಬಾರಿ."

"ಹಾಗಾದ್ರೆ ಬೆಟ್ಟದಿಂದ ಜಾರೋದನ್ನೇ ಬಿಡು. ಎರಡೂ ಉಳಿಯುತ್ತೆ."

ಇದಕ್ಕೆ ನನ್ನ ಬಳಿ ಉತ್ತರ ಇರಲಿಲ್ಲ.

ಮೂರು ದಿನ ಹಿಮದಲ್ಲಿ ಹಾಕಿದ ಮೇಲೆ ಎಡ ಕಿರುಬೆರಳಿನ ಬುಡದ ಮೂಳೆ ಒತ್ತುತ್ತಿತ್ತು. ಅದೇ ಹಿರಿಯರು ಶೆಲ್ಲನ್ನು ಬಿಸಿ ಮಾಡಿ ಆ ಜಾಗದಲ್ಲಿ ಎರಡು ಮೂರು ಮಿಲಿಮೀಟರ್ ಹೊರಕ್ಕೆ ಉಬ್ಬಿಸಿಕೊಟ್ಟರು, ಹೆಚ್ಚಿಗೆ ದುಡ್ಡು ಕೇಳಲಿಲ್ಲ. ಆನ್‌ಲೈನಿನಲ್ಲಿ ನೂರು ಯೂರೋ ಕಡಿಮೆಗೆ ಸಿಗುವ ಬೂಟಿಗೆ ಈ ಸೇವೆ ಎಲ್ಲಿಂದ ಬರಬೇಕು?

ಸ್ಕೀ ವಿಷಯ ಇಷ್ಟು ತೊಡಕಿನದಲ್ಲ. ನೀವು ಕನಸಿನಲ್ಲಿ ಇಳಿಯುವ ಹಿಮವನ್ನು ಬಿಟ್ಟು, ನಿಜವಾಗಿ ಇಳಿಯುವ ಹಿಮವನ್ನು ನೆನಪಿಸಿಕೊಳ್ಳಿ. ಜಾಹೀರಾತಿನ ವೀಡಿಯೋದಲ್ಲಿ ಸೊಂಟದವರೆಗೆ ಹಿಟ್ಟಿನಂಥ ಹಿಮ ಹಾರುತ್ತಿರುತ್ತದೆ, ಅದಕ್ಕೆ ಪಾದದ ಕೆಳಗೆ 95 ಮಿಲಿಮೀಟರ್‌ಗಿಂತ ಅಗಲದ ಸ್ಕೀ ಬೇಕು. ನನ್ನ ಶನಿವಾರಗಳಲ್ಲಿ ಬೆಳಿಗ್ಗೆ ಯಂತ್ರ ಹೊಡೆದು ಕಲ್ಲಿನಂತಾದ ಇಳಿಜಾರು, ಮಾರ್ಚ್ ಮಧ್ಯಾಹ್ನವಾದರೆ ಗದ್ದೆಯ ಕೆಸರು. ಕಿರಿದಾದ ಸ್ಕೀ ಒಂದು ಅಂಚಿನಿಂದ ಇನ್ನೊಂದಕ್ಕೆ ಬೇಗ ತಿರುಗುತ್ತದೆ, ಗಟ್ಟಿ ಹಿಮದಲ್ಲಿ ಚೆನ್ನಾಗಿ ಕಚ್ಚುತ್ತದೆ. ಅಗಲದ್ದು ಕೆಸರಿನಲ್ಲಿ ತೇಲುತ್ತದೆ. ಎರಡರ ನಡುವೆ 78 ಮಿಲಿಮೀಟರ್ ನನಗೆ ಸರಿಹೋಯಿತು. ಉದ್ದ 158, ನನ್ನ ಎತ್ತರಕ್ಕಿಂತ ನಾಲ್ಕು ಸೆಂಟಿಮೀಟರ್ ಕಡಿಮೆ. ಬೆಟ್ಟದ ಬುಡದ ಅಂಗಡಿಯಲ್ಲಿ ಮೂರು ಬಗೆಯದನ್ನು ಬಾಡಿಗೆಗೆ ಪಡೆದು, ಒಂದೇ ದಿನ ಒಂದೇ ಇಳಿಜಾರಿನಲ್ಲಿ ಓಡಿಸಿ ನೋಡಿ, ಹಿಂದಿನ ವರ್ಷದ ಮಾದರಿಯನ್ನು ರಿಯಾಯಿತಿಗೆ ಕೊಂಡೆ. ಹೊಸ ವರ್ಷದ ಮಾದರಿಯಲ್ಲಿ ಹಲವು ಸಲ ಬದಲಾಗಿರುವುದು ಬಣ್ಣ ಮಾತ್ರ.

ಬೂಟನ್ನು ಸ್ಕೀಗೆ ಹಿಡಿದಿಡುವ, ಬಿದ್ದಾಗ ಬಿಟ್ಟುಕೊಡುವ ಬೈಂಡಿಂಗ್ ಬಗ್ಗೆ ಮಾತ್ರ ಚೌಕಾಸಿ ಬೇಡ. ಎಷ್ಟು ಬಲಕ್ಕೆ ಅದು ಬಿಡಬೇಕು ಅನ್ನುವುದನ್ನು ತೂಕ, ಎತ್ತರ, ವಯಸ್ಸು, ಬೂಟಿನ ತಳದ ಉದ್ದ, ಇಳಿಯುವ ಶೈಲಿ ನೋಡಿ ಕೋಷ್ಟಕದಿಂದ ನಿರ್ಧರಿಸುತ್ತಾರೆ. ವಯಸ್ಸು ಐವತ್ತಾದರೆ ಇನ್ನೂ ಬೇಗ ಬಿಡುವಂತೆ ಇಡುತ್ತಾರೆ. ತೂಕವನ್ನು ಐದು ಕೆ.ಜಿ. ಇಳಿಸಿ ಹೇಳುವ ಜಾಗ ಇದಲ್ಲ! ಬೈಂಡಿಂಗ್ ಮುಖ್ಯವಾಗಿ ಕಾಲಿನ ಮೂಳೆ ಮುರಿಯದಂತೆ ಕಾಯುತ್ತದೆ, ಮೊಣಕಾಲಿನ ಒಳಗಿನ ಅಸ್ಥಿರಜ್ಜುವಿಗೆ ಅಷ್ಟು ಭರವಸೆ ಕೊಡುವುದಿಲ್ಲ. ಬೂಟು ಬದಲಾದರೆ ತಳದ ಉದ್ದವೂ ಬದಲಾಗುತ್ತದೆ. ನನ್ನ ಹಳೆಯದು 278 ಮಿಲಿಮೀಟರ್ ಇತ್ತು, ಹೊಸದು 285. ಅಳತೆ ಒಂದೇ ಅಂತ ಹೊಸ ಬೂಟನ್ನು ಹಳೆಯ ಸ್ಕೀಗೆ ಹಾಗೇ ಸಿಕ್ಕಿಸಬೇಡಿ. ಗ್ರಿಪ್‌ವಾಕ್ ಅನ್ನುವ ಬಾಗಿದ ರಬ್ಬರ್ ತಳದ ಬೂಟಾದರೆ ಬೈಂಡಿಂಗ್ ಅದಕ್ಕೆ ಹೊಂದುತ್ತದೆಯೇ ಅಂತಲೂ ಕೇಳಿ.

ಗುಲ್ಮಾರ್ಗ್‌ಗೋ ಔಲಿಗೋ ವಾರದ ಮಟ್ಟಿಗೆ ಕಲಿಯಲು ಹೋಗುವವರು ಇದೆಲ್ಲ ಕೊಳ್ಳಬೇಕಿಲ್ಲ, ಬಾಡಿಗೆಯೇ ಸರಿ. ಅಲ್ಲಿಯೂ ಲೈನರ್ ತೆಗೆದು ನೋಡುವ ಪರೀಕ್ಷೆ ಮಾಡಿ, ಶೆಲ್ಲಿನಲ್ಲಿ ಬಿರುಕು ಇದೆಯೇ ಅಂತಲೂ ನೋಡಿಕೊಳ್ಳಿ. ಪ್ಲಾಸ್ಟಿಕ್ಕಿಗೂ ವಯಸ್ಸಾಗುತ್ತದೆ, ಹತ್ತಾರು ವರ್ಷದ ಬೂಟು ಚಳಿಯಲ್ಲಿ ಒಡೆದದ್ದೂ ಉಂಟು. ಅದಕ್ಕೇ ನನ್ನ ಹಳೆಯ ಜೊತೆಯನ್ನು ಈ ವರ್ಷ ಹೊಸದಾಗಿ ಕಲಿಯುವ ಸಹೋದ್ಯೋಗಿ ಕೇಳಿದರೂ ಕೊಡಲಿಲ್ಲ. ಅವಳನ್ನೂ ಆ ಹಿರಿಯರ ಅಂಗಡಿಗೇ ಕರೆದುಕೊಂಡು ಹೋಗುತ್ತಿದ್ದೇನೆ, ಮುಂದಿನ ಗುರುವಾರ.