ಮೂವತ್ತಾರು ಪಟಗಳ ಬಾಪೂಜಿ ನಗರ

"ಇದರಲ್ಲಿ ಕನಕಾಂಬರ ಎಲ್ಲಣ್ಣಾ?"

ಹೂವಿನಮ್ಮ ಹೀಗೆ ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಬಾಪೂಜಿ ನಗರದ ನಮ್ಮ ಅಡ್ಡರಸ್ತೆಯ ತಿರುವಿನಲ್ಲಿ ಅವರು ಬುಟ್ಟಿಯಿಟ್ಟು ಕೂರುವುದನ್ನು 20 ವರ್ಷಗಳಿಗೂ ಹೆಚ್ಚು ಕಾಲದಿಂದ ನೋಡುತ್ತ ಬಂದವನು ನಾನು. ಒಂದು ಬೆಳಿಗ್ಗೆ ಅವರನ್ನು ಕೇಳಿಯೇ ಒಂದು ಚಿತ್ರ ತೆಗೆದಿದ್ದೆ. "ಪಟ ಹಿಡಿಯೋರೆಲ್ಲ ಕೊಡ್ತೀವಿ ಅಂತಾರೆ, ತಂದುಕೊಟ್ಟೋರು ಒಬ್ಬರೂ ಇಲ್ಲ" ಎಂದು ಆಗಲೇ ಚುಚ್ಚಿದ್ದರು. ಆ ಮಾತಿಗಾಗಿಯಾದರೂ ಕೊಡಲೇಬೇಕೆಂದು ಎರಡು ತಿಂಗಳ ಮೇಲೆ ಕಾಗದದ ಪ್ರತಿಯೊಂದನ್ನು ಒಯ್ದುಕೊಟ್ಟೆ. ಕಪ್ಪು–ಬಿಳುಪಿನ ಚಿತ್ರ. ಅದರಲ್ಲಿ ಮಲ್ಲಿಗೆ ಮಲ್ಲಿಗೆಯಂತೆಯೇ ಇತ್ತು. ಆದರೆ ಬುಟ್ಟಿಯಲ್ಲಿ ಎಲ್ಲಕ್ಕಿಂತ ಬೆಲೆಬಾಳುವ, ದೂರದಿಂದಲೇ ಗಿರಾಕಿಯನ್ನು ಕರೆಯುವ ಕನಕಾಂಬರ ಮಾತ್ರ ಬೂದಿಯ ಗುಡ್ಡೆಯಾಗಿತ್ತು. ಹೂವು ಮಾರುವವರ ಚಿತ್ರವನ್ನು ಬಣ್ಣವಿಲ್ಲದ ಫಿಲ್ಮಿನಲ್ಲಿ ತೆಗೆಯುವುದು ಎಂಥ ಅವಿವೇಕವೆಂದು ಹೊಳೆದದ್ದು ಆಗಲೇ. ಅವರು ನಕ್ಕು, ಪಟವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಬುಟ್ಟಿಯ ಕೆಳಗಿರಿಸಿದರು.

ನಾನು ವೃತ್ತಿಯಿಂದ ಛಾಯಾಗ್ರಾಹಕನಲ್ಲ. ನನ್ನಲ್ಲಿರುವುದು ಹಳೆಯದೊಂದು ಯಾಷಿಕಾ ಎಫ್‌ಎಕ್ಸ್–3 ಸೂಪರ್ 2000. 1980ರ ದಶಕದ ಈ ಕ್ಯಾಮೆರಾದಲ್ಲಿ ಬ್ಯಾಟರಿ ಸತ್ತರೂ ಶಟರ್ ಓಡುತ್ತದೆ. ಬೆಳಕನ್ನು ಅಳೆಯುವ ದೀಪಗಳು ಮಾತ್ರ ಉರಿಯುವುದಿಲ್ಲ. ಎರಡು ತಿಂಗಳಿಗೆ ಒಂದು ರೀಲು ಎಂಬುದು ನಾನೇ ಹಾಕಿಕೊಂಡ ಮಿತಿ. ಅಂದರೆ ತಿಂಗಳಿಗೆ 18 ಪಟ. ಮಿತಿಗೆ ಕಾರಣ ತಪಸ್ಸಲ್ಲ, ಬೆಲೆ. ಫಿಲ್ಮು ಕೊಂಡು, ಲ್ಯಾಬಿನಲ್ಲಿ ತೊಳೆಸಿ, ಸ್ಕ್ಯಾನ್ ಮಾಡಿಸುವ ಹೊತ್ತಿಗೆ ಈಗ ಒಂದು ರೀಲಿಗೆ 1,000 ರೂಪಾಯಿ ದಾಟುತ್ತದೆ. "ಅದು ಒಂದು ತಿಂಗಳ ಹಾಲಿನ ದುಡ್ಡು" ಎಂದು ಮನೆಯಾಕೆ ಹೇಳುವುದರಲ್ಲಿ ತಪ್ಪೇನೂ ಇಲ್ಲ. ಇದನ್ನು ಶೋಕಿ ಎನ್ನುವವರೊಡನೆ ನಾನು ವಾದಕ್ಕಿಳಿಯುವುದಿಲ್ಲ. ಶೋಕಿಯೇ ಇರಬಹುದು. ಆದರೆ ಕೈಯಲ್ಲಿ 18 ಪಟಗಳಷ್ಟೇ ಇವೆ ಎಂದಾದಾಗ ಕಣ್ಣು ಕೆಲಸ ಮಾಡುವ ರೀತಿಯೇ ಬದಲಾಗುತ್ತದೆ ಎಂಬುದು ನನ್ನ ಅನುಭವ. ಮೊಬೈಲಿನಲ್ಲಿ ಮೊದಲು ತೆಗೆದು ಆಮೇಲೆ ನೋಡುತ್ತೇವೆ, ಬಹಳ ಸಲ ಆಮೇಲೆಯೂ ನೋಡುವುದಿಲ್ಲ. ಇಲ್ಲಿ ಮೂರು ದಿನ ನೋಡಿದ ಮೇಲೆ ಒಮ್ಮೆ ತೆಗೆಯುತ್ತೇನೆ. ಎಷ್ಟೋ ಬಾರಿ ನೋಡಿದ್ದೇ ಸಾಕೆನಿಸಿ ತೆಗೆಯದೆ ಹಿಂದಿರುಗುತ್ತೇನೆ.

ನೋಡುವುದಕ್ಕೆ ಬಾಪೂಜಿ ನಗರದಲ್ಲಿ ಏನಿದೆ ಎಂದು ಕೇಳಬಹುದು. ಬೆಂಗಳೂರನ್ನು ನೋಡಲು ಬರುವವರ ಪಟ್ಟಿಯಲ್ಲಿ ನಮ್ಮ ಬಡಾವಣೆಯ ಹೆಸರು ಎಂದೂ ಬಂದಿಲ್ಲ. ಒಂದು ಬದಿಗೆ ಎಂದೂ ನಿದ್ರಿಸದ ಮೈಸೂರು ರಸ್ತೆ, ಅದರಾಚೆ ಬ್ಯಾಟರಾಯನಪುರದ ಗಾಳಿ ಆಂಜನೇಯ, ನಡುವೆ ಒಂದಕ್ಕೊಂದು ಆತುಕೊಂಡು ನಿಂತ ಮನೆಗಳು. ಓಣಿಗಳು ಎಷ್ಟು ಕಿರಿದೆಂದರೆ ಬಿಸಿಲು ನೆಲ ಮುಟ್ಟುವುದು ನಡುಹಗಲಿನ ಒಂದೆರಡು ಗಂಟೆ ಮಾತ್ರ. ಛಾಯಾಗ್ರಹಣದ ಪುಸ್ತಕಗಳು ನಡುಹಗಲಿನಲ್ಲಿ ಚಿತ್ರ ತೆಗೆಯಬೇಡಿ ಎನ್ನುತ್ತವೆ. ಆ ಮಾತನ್ನು ಬರೆದವರು ನಮ್ಮ ಓಣಿಗಳಲ್ಲಿ ವಾಸಿಸಿದವರಲ್ಲ. ಇಲ್ಲಿ ಹನ್ನೆರಡೂವರೆಗೆ ಬಿಸಿಲಿನ ಕೋಲೊಂದು ಎರಡು ತಾರಸಿಗಳ ನಡುವೆ ಇಳಿದು, ಇಸ್ತ್ರಿ ಗಾಡಿಯ ಕೆಂಡದಿಂದೇಳುವ ಹೊಗೆಯನ್ನು ಹಾಯ್ದು ಎದುರು ಗೋಡೆಯ ಮೇಲೆ ಕೂರುತ್ತದೆ. ಹತ್ತು ನಿಮಿಷ ಇರುತ್ತದೆ. ಮಳೆಗಾಲದಲ್ಲಿ ಅದೂ ಇಲ್ಲ.

2015ರ ನವೆಂಬರಿನಲ್ಲಿ ದೀಪಾಂಜಲಿ ನಗರದ ಮೆಟ್ರೊ ನಿಲ್ದಾಣ ತೆರೆದ ಮೇಲೆ ಇನ್ನೊಂದು ನೋಟ ಸಿಕ್ಕಿತು. ಅದುವರೆಗೆ ಕೆಳಗಿನಿಂದ ಮಾತ್ರ ಕಂಡಿದ್ದ ಈ ಸೀಮೆಯನ್ನು ಮೊದಲ ಬಾರಿಗೆ ಮೇಲಿನಿಂದ ಕಂಡೆವು. ತಾರಸಿಗಳ ಮೇಲೆ ಒಣಗುವ ಹಪ್ಪಳ, ಕಪ್ಪು ನೀರಿನ ತೊಟ್ಟಿಗಳು, ಬಣ್ಣದ ಡಬ್ಬಿಯಲ್ಲಿ ಬೆಳೆದ ತುಳಸಿ, ಪರೀಕ್ಷೆಯ ದಿನಗಳಲ್ಲಿ ಪುಸ್ತಕ ಹಿಡಿದು ಅತ್ತಿತ್ತ ಅಡ್ಡಾಡುವ ಹುಡುಗಿಯರು. ಬೀದಿಯಲ್ಲಿ ಸಿಗದ ಏಕಾಂತವನ್ನು ಜನ ಅಲ್ಲಿ ಮಾಡಿಕೊಂಡಿದ್ದರು. ಅದನ್ನು ಕಂಡ ಮೇಲೆ ರೈಲಿನ ಕಿಟಕಿಯಿಂದ ತಾರಸಿಗಳ ಚಿತ್ರ ತೆಗೆಯುವ ಆಸೆಯನ್ನು ಬಿಟ್ಟೆ.

ಫಿಲ್ಮು ಮನುಷ್ಯನನ್ನು ನಗೆಪಾಟಲಿಗೀಡು ಮಾಡುವುದರಲ್ಲೂ ಹಿಂದೆ ಬೀಳದು. ಮೊದಲೊಮ್ಮೆ ಮನೆಮಂದಿಯೆಲ್ಲ ದೊಡ್ಡಆಲದಮರಕ್ಕೆ ಹೋಗಿದ್ದೆವು. ಅಂದು ನನ್ನ ಕ್ಯಾಮೆರಾದಲ್ಲಿ ಎಣಿಕೆ ಮುಗಿದ ಮೇಲೂ ಲಿವರ್ ಸರಾಗವಾಗಿ ತಿರುಗುತ್ತಲೇ ಇತ್ತು. ಅಂಗಡಿಯವನು ಹೆಚ್ಚು ಉದ್ದದ ರೀಲು ಕೊಟ್ಟಿರಬೇಕೆಂದು ಹಿಗ್ಗಿದೆ. ತೊಳೆದು ನೋಡಿದರೆ ತುದಿಯಿಂದ ತುದಿಯವರೆಗೆ ಗಾಜಿನಂತೆ ಖಾಲಿ. ಫಿಲ್ಮಿನ ಬಾಲ ಸುರುಳಿಗೆ ಸಿಕ್ಕಿಕೊಂಡಿರಲೇ ಇಲ್ಲ. ಇಡೀ ದಿನ ನಾನು ಏನನ್ನೂ ತೆಗೆದಿರಲಿಲ್ಲ. ಲಿವರ್ ತಿರುಗಿಸುವಾಗ ಎಡಗಡೆಯ ಗುಂಡಿಯೂ ತಿರುಗುತ್ತಿದೆಯೇ ಎಂದು ನೋಡುವ ಅಭ್ಯಾಸ ಅಂದಿನಿಂದ ಬಂತು. ಆದರೆ ಒಂದು ಮಾತು. ಆ ಖಾಲಿ ರೀಲಿನ 36 ನೋಟಗಳಲ್ಲಿ ಹೆಚ್ಚಿನವು ನನಗೆ ಇಂದಿಗೂ ನೆನಪಿವೆ. ಚೆನ್ನಾಗಿ ಬಂದ ಎಷ್ಟೋ ರೀಲುಗಳದ್ದು ನೆನಪಿಲ್ಲ.

ಕಪ್ಪು–ಬಿಳುಪಿನ ಫಿಲ್ಮನ್ನು ಈಗ ಮನೆಯಲ್ಲೇ ತೊಳೆಯುತ್ತೇನೆ. ರಾತ್ರಿ ಬಚ್ಚಲುಮನೆಯ ಬಾಗಿಲ ಸಂದಿಗೆ ಟವೆಲು ತುರುಕಿ, ಕತ್ತಲಲ್ಲಿ ಫಿಲ್ಮನ್ನು ಡಬ್ಬಿಗೆ ಸುತ್ತಿ ಮುಚ್ಚಳ ಬಿಗಿದರೆ ಮುಂದಿನದೆಲ್ಲ ಬೆಳಕಿನಲ್ಲೇ ನಡೆಯುವ ಕೆಲಸ. ಡೆವಲಪರ್ ದ್ರಾವಣ 20 ಡಿಗ್ರಿ ಸೆಲ್ಸಿಯಸ್‌ನಲ್ಲಿರಬೇಕೆಂಬುದು ನಿಯಮ. ಬೇಸಿಗೆಯಲ್ಲಿ ನಮ್ಮ ನಲ್ಲಿಯ ನೀರು ಅದಕ್ಕಿಂತ ಬೆಚ್ಚಗಿರುತ್ತದೆ. ಪಾತಿಯಲ್ಲಿ ಮಂಜುಗಡ್ಡೆ ಹಾಕಿ ಡಬ್ಬಿಯನ್ನು ಅದರಲ್ಲಿ ಕೂರಿಸುತ್ತೇನೆ. ಕೊಳವೆಬಾವಿಯ ಗಡಸು ನೀರಿನಲ್ಲಿ ತೊಳೆದರೆ ಒಣಗಿದ ಮೇಲೆ ಬಿಳಿಯ ಕಲೆಗಳುಳಿಯುತ್ತವೆ. ಆದ್ದರಿಂದ ಕಾವೇರಿ ನೀರು ಬರುವ ದಿನ ನೋಡಿಕೊಂಡು ಕೆಲಸ ಹೂಡಿ, ಕೊನೆಯ ಜಾಲಾಟಕ್ಕೆ ಕುಡಿಯಲಿಟ್ಟ ಶುದ್ಧ ನೀರನ್ನು ಬಳಸುತ್ತೇನೆ. ಹೈಪೊದಲ್ಲಿ ಮಿಂದು ಹೊರಬಂದ ಒದ್ದೆ ಫಿಲ್ಮನ್ನು ದೀಪಕ್ಕೆ ಹಿಡಿದು ನೋಡುವ ಆ ಗಳಿಗೆಗೆ ವಯಸ್ಸಿನ ಹಂಗಿಲ್ಲ.

ಬಳಸಿದ ಹೈಪೊವನ್ನು ಮಾತ್ರ ಚರಂಡಿಗೆ ಚೆಲ್ಲುವುದಿಲ್ಲ. ಬೆಳಕು ತಾಗದ ಬೆಳ್ಳಿಯ ಲವಣವನ್ನು ಫಿಲ್ಮಿನಿಂದ ಕರಗಿಸಿ ತೆಗೆಯುವುದೇ ಹೈಪೊದ ಕೆಲಸವಾದ್ದರಿಂದ ಅದರಲ್ಲಿ ಬೆಳ್ಳಿ ಇರುತ್ತದೆ. ನೀರಿನ ಜೀವಿಗಳಿಗೆ ಅದು ವಿಷ. ಹಿಂದೆ ಸ್ಟುಡಿಯೊಗಳಿಂದ ಹಳೆಯ ಹೈಪೊ ಕೊಂಡು ಬೆಳ್ಳಿ ತೆಗೆಯುವವರೇ ಇದ್ದರು. ಉಕ್ಕಿನ ನಾರನ್ನು ಅದರಲ್ಲಿ ಮುಳುಗಿಸಿಟ್ಟರೆ ಕಬ್ಬಿಣ ಕರಗಿ ಬೆಳ್ಳಿ ಕೆಸರಾಗಿ ಕೆಳಗೆ ಕೂರುತ್ತದೆ. ಈ ರಗಳೆ ಏಕೆಂದರೆ, ನಮ್ಮ ಮೋರಿಗಳು ಸೇರುವುದು ವೃಷಭಾವತಿಯನ್ನು. ಬಸವನಗುಡಿಯ ದೊಡ್ಡ ಬಸವನಿಂದ ಹೆಸರು ಪಡೆದ ಆ ನದಿ ಮೈಸೂರು ರಸ್ತೆಯ ಮಗ್ಗುಲಲ್ಲಿ ಏನಾಗಿ ಹರಿಯುತ್ತಿದೆಯೆಂಬುದು ಮೂಗಿರುವ ಎಲ್ಲರಿಗೂ ಗೊತ್ತು. ಅದರ ಚಿತ್ರವನ್ನು ಒಮ್ಮೆ ತೆಗೆದೆ. ನೊರೆ ಬೆಳ್ಳಗೆ, ನೀರು ಕಪ್ಪಗೆ, ದಡದಲ್ಲಿ ಹುಲ್ಲು. ಮಲೆನಾಡಿನ ಹೊಳೆಯೊಂದು ಬಂಡೆಗೆ ಬಡಿದು ಹರಿಯುವಂತೆ ಕಂಡಿತು. ನೋಡಿದವರು "ಎಲ್ಲಿಯ ಜಲಪಾತ?" ಎಂದರು. ಕಪ್ಪು–ಬಿಳುಪು ಎಷ್ಟು ಸುಲಭವಾಗಿ ಸುಳ್ಳು ಹೇಳಬಲ್ಲದೆಂದು ತಿಳಿದು ಆ ಚಿತ್ರವನ್ನು ಮತ್ತೆ ಯಾರಿಗೂ ತೋರಿಸಿಲ್ಲ.

ಭಾನುವಾರಗಳ ಸಣ್ಣ ತಿರುಗಾಟಕ್ಕೂ ಅದೇ ಕ್ಯಾಮೆರಾ, ಅದೇ ಲೆಕ್ಕ. 2021ರಿಂದ ಮೆಟ್ರೊ ಕೆಂಗೇರಿಯವರೆಗೆ ಹೋಗುತ್ತದೆ. ಮುಂದೆ ಬಸ್ಸು ಹಿಡಿದರೆ ಕೇತೋಹಳ್ಳಿಯ ದೊಡ್ಡಆಲದಮರ. ಮರವೆನ್ನುವುದೂ ತಪ್ಪೇ. ಸುಮಾರು ಮೂರು ಎಕರೆಯಷ್ಟು ಹಬ್ಬಿದ ಅದರ ಮೂಲ ಕಾಂಡ ರೋಗ ತಗುಲಿ ನಶಿಸಿಹೋಗಿದೆ. ಈಗಿರುವುದು ಬಿಳಲುಗಳೇ ನೆಲಕ್ಕಿಳಿದು ಬೇರೂರಿ ಕಾಂಡಗಳಾದ ಒಂದು ತೋಪು. ಒಳಗೆ ಬೆಳಕು ಎಷ್ಟು ಮಂದವೆಂದರೆ ಕ್ಯಾಮೆರಾವನ್ನು ಬಿಳಲಿಗೊತ್ತಿ, ಉಸಿರು ಬಿಗಿಹಿಡಿದು ಗುಂಡಿ ಒತ್ತಬೇಕು. ಅಷ್ಟರಲ್ಲಿ ಕೋತಿ ಬುತ್ತಿಯನ್ನು ಎತ್ತಿಕೊಂಡು ಹೋಗಿರುತ್ತದೆ. ಇನ್ನೊಂದು ವಾರ ನಾಯಂಡಹಳ್ಳಿಯಿಂದ ರೈಲು, ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆ. ಗೂಡುಗಳ ರಾಶಿಯ ಮುಂದೆ ಕಪ್ಪು–ಬಿಳುಪಿನ ಫಿಲ್ಮು ಕೊನೆಗೂ ತನ್ನ ಊರಿಗೆ ಬಂದಂತೆ ನಡೆದುಕೊಂಡಿತು. ಹೋಗಿಬರುವ ಖರ್ಚು ಒಂದು ಸಿನಿಮಾ ಟಿಕೆಟ್ಟಿಗಿಂತ ಕಡಿಮೆ.

ಫಿಲ್ಮಿನ ಕಾಲ ಮುಗಿಯಿತೆಂದು ಎಲ್ಲರೂ ನಂಬಿದ್ದ ದಿನಗಳಿದ್ದವು. 'ಇಂದು' ಎಂಬ ಹೆಸರಿನಲ್ಲಿ ದೇಶಕ್ಕೆಲ್ಲ ಕಪ್ಪು–ಬಿಳುಪಿನ ಫಿಲ್ಮು ಒದಗಿಸುತ್ತಿದ್ದ ಊಟಿಯ ಸರ್ಕಾರಿ ಕಾರ್ಖಾನೆ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್ ಮುಚ್ಚಿತು. 2012ರಲ್ಲಿ ಕೊಡಾಕ್ ದಿವಾಳಿ ರಕ್ಷಣೆ ಕೋರಿ ನ್ಯಾಯಾಲಯದ ಮೆಟ್ಟಿಲೇರಿತು. ಈಗ ಗಾಳಿ ತಿರುಗಿದೆ. 2024ರಲ್ಲಿ ಪೆಂಟ್ಯಾಕ್ಸ್ ಹೊಸದಾಗಿ ಫಿಲ್ಮ್ ಕ್ಯಾಮೆರಾವೊಂದನ್ನೇ ತಂದಿತು. ಒಂದು ಚೌಕಟ್ಟನ್ನು ಎರಡಾಗಿ ಸೀಳಿ, 36ರ ರೀಲಿನಲ್ಲಿ 72 ಚಿತ್ರ ತೆಗೆಯುವಂಥದು. ಕಾಲೇಜು ಹುಡುಗರು ಅಜ್ಜನ ಕ್ಯಾಮೆರಾವನ್ನು ಅಟ್ಟದಿಂದ ಇಳಿಸುತ್ತಿದ್ದಾರೆ. ಇದು ಫ್ಯಾಷನ್ನಾದರೆ ಇಂದಲ್ಲ ನಾಳೆ ಹೋದೀತು. ನನಗೆ ಅದರ ಚಿಂತೆಯಿಲ್ಲ. ನನ್ನನ್ನು ಹಿಡಿದಿಟ್ಟಿರುವುದು ನೆಗೆಟಿವ್ ಎಂಬ ವಸ್ತು. ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೈನ್ಯಾಧಿಕಾರಿ 1856ರಲ್ಲಿ ಹಂಪಿಯ ಚಿತ್ರಗಳನ್ನು ಮೇಣ ಸವರಿದ ಕಾಗದದ ನೆಗೆಟಿವ್‌ಗಳಲ್ಲಿ ಹಿಡಿದಿದ್ದ. ಅವು ಉಳಿದುಬಂದವು. 1983ರಲ್ಲಿ ಆಸ್ಟ್ರೇಲಿಯದ ಜಾನ್ ಗಾಲಿಂಗ್ಸ್ ಅವೇ ಜಾಗಗಳಲ್ಲಿ ನಿಂತು ಮತ್ತೆ ಚಿತ್ರ ತೆಗೆದರು. ನೂರಿಪ್ಪತ್ತು ವರ್ಷಗಳಿಗೂ ಮೀರಿದ ಅವಧಿಯಲ್ಲಿ ಏನು ಬಿತ್ತು, ಏನು ನಿಂತಿತು ಎಂಬುದನ್ನು ಇಂದು ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಬಹುದು.

ಹಂಪಿಯ ಮಾತು ದೊಡ್ಡದಾಯಿತು. ನಮ್ಮ ಅಡ್ಡರಸ್ತೆಗೆ ಬರುತ್ತೇನೆ.

ಹೂವಿನಮ್ಮನ ಯಜಮಾನರು ಕಳೆದ ವರ್ಷ ತೀರಿಕೊಂಡರು. ನಸುಕಿಗೆ ಕೆ.ಆರ್. ಮಾರುಕಟ್ಟೆಗೆ ಹೋಗಿ ಹೂವು ತರುತ್ತಿದ್ದವರು ಅವರೇ. ಕ್ಯಾಮೆರಾ ಕಂಡರೆ ಮುಖ ತಿರುಗಿಸುವ ಸಂಕೋಚದ ಮನುಷ್ಯ. ಪುಣ್ಯತಿಥಿಗೆ ಇಡಲು ಮನೆಯಲ್ಲಿ ಅವರ ಪಟವಿರಲಿಲ್ಲ. ಮಗನ ಮೊಬೈಲಿನಲ್ಲಿದ್ದವು ಆ ಮೊಬೈಲು ನೀರಿಗೆ ಬಿದ್ದಾಗಲೇ ಹೋಗಿದ್ದವು. ಉಳಿದದ್ದು ಆಧಾರ್ ಚೀಟಿಯದು. "ಅದು ಅವರಲ್ಲ, ಇನ್ಯಾರೋ" ಎಂದು ಆಕೆ ಅದನ್ನು ಹಾಕಲೊಪ್ಪಲಿಲ್ಲ. ಬುಟ್ಟಿಯ ಕೆಳಗಿಂದ ನಾನು ಕೊಟ್ಟಿದ್ದ ಪಟವನ್ನು ತೆಗೆದು, ಅದರ ಮೂಲೆಯಲ್ಲಿ ಬೆರಳಿಟ್ಟರು. "ಇವರನ್ನ ದೊಡ್ಡದು ಮಾಡಿಕೊಡೋಕೆ ಆಗುತ್ತಾ ಅಣ್ಣಾ?"

ಹಿಂದೆ, ಅಂಗಡಿಯ ಸೂರಿನ ಕೆಳಗೆ, ಮಗುಚಿದ ಪೆಟ್ಟಿಗೆಯ ಮೇಲೆ ಕೂತು ಹೂ ಕಟ್ಟುತ್ತಿದ್ದ ವ್ಯಕ್ತಿಯನ್ನು ನಾನು ಆವರೆಗೆ ಗಮನಿಸಿಯೇ ಇರಲಿಲ್ಲ. ಮೂರು ದಿನ ನೋಡಿ ತೆಗೆಯುತ್ತೇನೆಂದು ಬೀಗುವವನ ಕಣ್ಣಿಗೆ ಅವರು ಬಿದ್ದಿರಲಿಲ್ಲ. ಮನೆಗೆ ಬಂದು ನೆಗೆಟಿವ್ ಹುಡುಕಿದೆ. 24 ಮಿ.ಮೀ. ಎತ್ತರ, 36 ಮಿ.ಮೀ. ಅಗಲದ ಆ ಚೌಕಟ್ಟಿನಲ್ಲಿ ಅವರ ಮುಖ 2 ಮಿ.ಮೀ. ಇದ್ದೀತು, ಸಾಸಿವೆ ಕಾಳಿನಷ್ಟು. ಚೌಕಟ್ಟು ಹಾಕಿಸುವಂತೆ 8 ಸೆಂ.ಮೀ. ಮುಖ ಬೇಕೆಂದರೆ 40 ಪಟ್ಟು ಹಿಗ್ಗಿಸಬೇಕು. ಅಂದು ಬೆಳಕು ಚೆನ್ನಾಗಿದ್ದುದರಿಂದ ಅಪರ್ಚರ್ ಎಂಬ ಕಿಂಡಿಯನ್ನು 11ಕ್ಕೆ ಕಿರಿದಾಗಿಸಿದ್ದೆ. ಮೂರು ಮೀಟರು ದೂರದ ಆಕೆಯ ಜೊತೆಗೆ ಐದು ಮೀಟರು ದೂರದ ಇವರೂ ಸ್ಪಷ್ಟವಾಗಿ ಮೂಡಿದ್ದು ಅದರಿಂದ. ಮೋಡವಿದ್ದು ಕಿಂಡಿ ತೆರೆದಿದ್ದರೆ ಅಲ್ಲಿ ಒಂದು ಮಸುಕು ಮಾತ್ರ ಇರುತ್ತಿತ್ತು.

ಲ್ಯಾಬಿನಲ್ಲಿ ಹಿಗ್ಗಿಸಿ ತಂದ ಚಿತ್ರ ರವೆ ಚೆಲ್ಲಿದಂತೆ ಕಾಳುಕಾಳಾಗಿತ್ತು. ಹತ್ತಿರದಿಂದ ನೋಡಿದರೆ ಬರೀ ಚುಕ್ಕಿಗಳು. ನಾಲ್ಕು ಹೆಜ್ಜೆ ಹಿಂದೆ ಸರಿದರೆ ಹೂವಿನ ಮೇಲೆ ಕಣ್ಣಿಟ್ಟು, ತುಟಿಯಲ್ಲಿ ದಾರದ ತುದಿ ಕಚ್ಚಿ ಕೂತ ಮನುಷ್ಯ. ಕ್ಷಮೆ ಕೇಳುವ ದನಿಯಲ್ಲಿಯೇ ಕೊಟ್ಟೆ. ಅವರು ಅದನ್ನು ತೋಳಳತೆಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು. "ದಾರ ಹಿಂಗೇ ಕಚ್ಚೋರು" ಎಂದರು. ಬಣ್ಣದ ಮಾತೆತ್ತಲಿಲ್ಲ. ದುಡ್ಡು ಬೇಡವೆಂದುದಕ್ಕೆ ಅಂದು ಎರಡು ಮೊಳ ಕನಕಾಂಬರ ಹೆಚ್ಚಿಗೆ ಹಾಕಿದರು.

ಹಳೆಯ ನೆಗೆಟಿವ್‌ಗಳನ್ನು ಈಗ ಬೂತಗಾಜು ಹಿಡಿದು ಮತ್ತೆ ನೋಡುತ್ತಿದ್ದೇನೆ, ಮುಂದಿರುವವರನ್ನಲ್ಲ, ಹಿಂದಿರುವವರನ್ನು. ಇಸ್ತ್ರಿ ಗಾಡಿಯ ಹೊಗೆಯಾಚೆ ಒಬ್ಬ ಹುಡುಗ ಸಿಕ್ಕಿದ್ದಾನೆ. ಈಗ ಅವನಿಗೇ ಹುಡುಗನಿದ್ದಾನೆ. ಹಾಲಿನ ಬೂತಿನ ಸಾಲಿನಲ್ಲಿ ಇಬ್ಬರನ್ನು ಗುರುತಿಸಿದೆ, ಒಬ್ಬರ ಮನೆಯವರು ಚಂದ್ರಾ ಲೇಔಟಿನ ಕಡೆಗೆ ಹೋಗಿದ್ದಾರಂತೆ. ವಿಳಾಸ ಕೇಳಿದ್ದೇನೆ. ಕ್ಯಾಮೆರಾದಲ್ಲಿ ಇನ್ನೂ 11 ಪಟಗಳಿವೆ.