ಹೆಪ್ಪಾಗುವವರೆಗೆ

ನವೆಂಬರ್ ಕೊನೆ, ಬೆಳಿಗ್ಗೆ 6.40. ಕೊಯ್ಲಾದ ಗದ್ದೆ. ಬದುವಿನ ಬುಡದ ಒಣಹುಲ್ಲಿನಲ್ಲಿ ಕೊಳಕುಮಂಡಲವೊಂದು ಸುರುಳಿ ಸುತ್ತಿಕೊಂಡಿದೆ. ಬೆನ್ನ ಮೇಲಿನ ಮೂರು ಸಾಲು ಕಂದು ಮಚ್ಚೆ ಹುಲ್ಲಿನ ನೆರಳಿನೊಳಗೆ ಕಲಸಿಹೋಗಿದೆ. ಉಸಿರಿಗೆ ಹುಲ್ಲು ಏರಿಳಿಯದಿದ್ದರೆ ನನಗೂ ಕಾಣುತ್ತಿರಲಿಲ್ಲ. ದೂರದಲ್ಲಿ ಕ್ಯಾಮೆರಾ ನಿಲ್ಲಿಸಿ ಕೂತೆ. 7.25ರವರೆಗೂ ಹಾವು ಕದಲಲಿಲ್ಲ.

ಕಿರಿಯ ವೈದ್ಯರಿಗೆ ಹಾವುಕಡಿತದ ಪಾಠಚಿತ್ರ ಮಾಡಿಕೊಡಬೇಕಿತ್ತು. ಆ ಮುಕ್ಕಾಲು ಗಂಟೆಯಲ್ಲಿ ಉಳಿಸಿಕೊಂಡದ್ದು ಆರು ಸೆಕೆಂಡು. ಕತ್ತಲಲ್ಲಿ ತುಳಿದವರಿಗೆ ಹಾವಿನ ಹೆಸರೆಲ್ಲಿ ಗೊತ್ತಿರುತ್ತದೆ? ಆಸ್ಪತ್ರೆಗೆ ಬರುವುದು ಊದಿದ ಕಾಲು. ವೈದ್ಯರು ರಕ್ತವನ್ನೇ ಕೇಳಬೇಕು: ಹೊಸ, ಒಣ ಗಾಜಿನ ಟ್ಯೂಬಿಗೆ 2 ಮಿ.ಲೀ. ರಕ್ತ, 20 ನಿಮಿಷ ಅಲುಗಿಸದೆ ಇಡುವುದು, ಆಮೇಲೆ ಒಮ್ಮೆ ಬಾಗಿಸುವುದು. ಕೊಳಕುಮಂಡಲದ ವಿಷ ಹೆಪ್ಪುಗಟ್ಟಿಸುವ ಅಂಶಗಳನ್ನು ಖರ್ಚು ಮಾಡಿಬಿಟ್ಟಿದ್ದರೆ ರಕ್ತ ಹರಿಯುತ್ತದೆ, ಪ್ರತಿವಿಷ ಬೇಕು. ಟ್ಯೂಬು ಪ್ಲಾಸ್ಟಿಕ್ಕಿನದಾದರೆ, ಸೋಪಿನಲ್ಲಿ ತೊಳೆದದ್ದಾದರೆ ಆರೋಗ್ಯವಂತರ ರಕ್ತವೂ ಹೆಪ್ಪಾಗದೆ ದಾರಿ ತಪ್ಪಿಸೀತು.

ಮೊದಲ ಪ್ರತಿಯಲ್ಲಿ ಕೊಳಲಿತ್ತು, ನನ್ನ ವಿವರಣೆಯಿತ್ತು, ಅದೇ ಮಾತು ಅಕ್ಷರಗಳಾಗಿ ಕೆಳಗೂ ಓಡುತ್ತಿತ್ತು. ತೋರಿಸುವಾಗ ಪರದೆಗೆ ಬೆನ್ನು ಹಾಕಿ ನೋಡುವವರ ಕಣ್ಣುಗಳನ್ನೇ ಗಮನಿಸಿದೆ. ಎಲ್ಲವೂ ಅಕ್ಷರಗಳ ಹಿಂದೆ ಎಡದಿಂದ ಬಲಕ್ಕೆ ಓಡುತ್ತಿದ್ದವು, ಟ್ಯೂಬು ಅನಾಥವಾಗಿತ್ತು. ಕ್ಯಾಲಿಫೋರ್ನಿಯಾದ ಮನಶ್ಶಾಸ್ತ್ರಜ್ಞ ರಿಚರ್ಡ್ ಮೇಯರ್ ಈ ತೊಡಕನ್ನು ವಿವರಿಸಿದ್ದಾರೆ. ಕಣ್ಣು, ಕಿವಿ ಎರಡು ಬೇರೆ ದಾರಿ, ಎರಡೂ ಕಿರಿದು. ಕೇಳಿದ್ದನ್ನೇ ಓದಿಸಿದರೆ ಚಿತ್ರಕ್ಕೆ ಜಾಗವಿಲ್ಲ. ಅಕ್ಷರ ಅಳಿಸಿದೆ. ಕೊಳಲೂ ಹೋಯಿತು.

ಎರಡನೇ ಪ್ರತಿಯ ತಪ್ಪು ಬೇಗ ಕಾಣಲಿಲ್ಲ. 20 ನಿಮಿಷವನ್ನು ಐದು ಸೆಕೆಂಡಿಗೆ ಕತ್ತರಿಸಿದ್ದೆ. ಅದನ್ನು ನೋಡಿ, ಸಹಪಾಠಿಯ ರಕ್ತದೊಂದಿಗೆ ಅಭ್ಯಾಸಕ್ಕೆ ಕೂತ ಕಿರಿಯ ವೈದ್ಯೆಯೊಬ್ಬರು ಏಳನೇ ನಿಮಿಷಕ್ಕೇ ಟ್ಯೂಬ್ ಎತ್ತಿ ಬಾಗಿಸಿದರು. ನನ್ನ ಕತ್ತರಿಯ ಅವಸರ ಅವರ ಕೈಗೆ ಇಳಿದಿತ್ತು. ಹೆಪ್ಪು ಹಾಕಿದ ಹಾಲನ್ನು ನಡುವೆ ಅಲುಗಿಸಬಾರದೆಂದು ಅವರಿಗೆ ಮನೆಯಲ್ಲೇ ಗೊತ್ತಿತ್ತು; ಅದನ್ನು ಮರೆಸಿದ್ದು ನನ್ನ ಚಿತ್ರ.

ಈಗ ಟ್ಯೂಬು ಇಟ್ಟ ಕ್ಷಣದಲ್ಲೇ ಚಿತ್ರ ನಿಲ್ಲುತ್ತದೆ. ಮೂಲೆಯಲ್ಲಿ ಗಡಿಯಾರ ತನ್ನ ನಡಿಗೆಯಲ್ಲೇ ನಡೆಯುತ್ತದೆ. ಅಷ್ಟರಲ್ಲಿ ರೋಗಿಯ ವಸಡು, ನಾಡಿ, ಊತದ ಅಂಚು ನೋಡಿ ಬರೆದುಕೊಳ್ಳಬೇಕು. 20 ತುಂಬಿದ ಮೇಲಷ್ಟೇ ಪರದೆಯಲ್ಲಿ ಎರಡು ಟ್ಯೂಬು ಅಕ್ಕಪಕ್ಕ ಬಾಗುತ್ತವೆ: ಒಂದರಲ್ಲಿ ರಕ್ತ ಗಟ್ಟಿಮೊಸರಿನಂತೆ ನಿಂತಿದೆ, ಇನ್ನೊಂದರಲ್ಲಿ ಗೋಡೆಗುಂಟ ಜಾರುತ್ತಿದೆ.

ಜನವರಿ, ಸಂಜೆ 4.10. ಅದೇ ವೈದ್ಯೆ, ಹೊಸ ಟ್ಯೂಬು. 4.28ಕ್ಕೆ ಕೈ ಅದರತ್ತ ಹೋಯಿತು, ಅರ್ಧದಲ್ಲಿ ನಿಂತಿತು, ಮಡಿಲಿಗೆ ಮರಳಿತು. 4.30ಕ್ಕೆ ಬಾಗಿಸಿದರು. ರಕ್ತ ಕದಲಲಿಲ್ಲ.