ಅಡಕೆಯ ಪೇಟೆ ಶಿರಸಿ

ಮಾಘಮಾಸದ ಮುಂಜಾನೆ ಶಿರಸಿಯ ಪೇಟೆಯನ್ನು ಹೊಕ್ಕ ಪ್ರವಾಸಿಗನನ್ನು ಮೊದಲು ಎದುರುಗೊಳ್ಳುವುದು ಅಡಕೆಯ ವಾಸನೆ. ಸಹಕಾರಿ ಸಂಘದ ವಿಶಾಲವಾದ ಪ್ರಾಂಗಣದಲ್ಲಿ ಚೀಲಗಳು ಬಾಯಿ ತೆರೆದು ನಿಂತಿರುತ್ತವೆ. ಹಳ್ಳಿಗಳಿಂದ ಬಂದ ಬೆಳೆಗಾರರು ತಮ್ಮ ತಮ್ಮ ರಾಶಿಯ ಬಳಿ ಕುಳಿತಿರುತ್ತಾರೆ. ವ್ಯಾಪಾರಿಗಳು ಒಂದೊಂದು ರಾಶಿಯಿಂದಲೂ ಬೊಗಸೆಯಷ್ಟು ಅಡಕೆಯನ್ನೆತ್ತಿ, ಬಣ್ಣ ನೋಡಿ, ಒಂದನ್ನು ಕತ್ತರಿಸಿ ಒಳಗಿನ ತಿರುಳನ್ನು ಪರೀಕ್ಷಿಸಿ, ಮಾತಿಲ್ಲದೆ ಮುಂದಿನ ರಾಶಿಗೆ ಹೋಗುತ್ತಾರೆ. ತಾವು ಕೊಡಬಲ್ಲ ದರವನ್ನು ಒಪ್ಪಿಸುತ್ತಾರೆ. ಎಲ್ಲಕ್ಕಿಂತ ಹೆಚ್ಚಿನ ದರ ಕೊಟ್ಟವನಿಗೆ ಆ ರಾಶಿ ಸಲ್ಲುತ್ತದೆ.

ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಿನ ಶಿರಸಿ, ಸಿದ್ದಾಪುರ, ಯಲ್ಲಾಪುರಗಳೆಂಬ ಮೂರು ತಾಲ್ಲೂಕುಗಳಿಗೆ ಶಿರಸಿಯೇ ಹಿರಿಯ ಪೇಟೆ. ಇಲ್ಲಿ ಹೊಗೆಯುಗುಳುವ ದೊಡ್ಡ ಕಾರ್ಖಾನೆಗಳಿಲ್ಲ. ರೈಲು ಇನ್ನೂ ಬಂದಿಲ್ಲ. ಈ ಸೀಮೆಯ ಕೈಗಾರಿಕೆ ನಡೆಯುವುದು ತೋಟಿಗರ ಮನೆಯ ಅಂಗಳದಲ್ಲಿ. ಮಳೆಗಾಲ ಕಳೆದ ಮೇಲೆ ಕೊನೆಗೌಡನು ಮರದಿಂದ ಮರಕ್ಕೆ ಹಾಯುತ್ತ ಕೊನೆಗಳನ್ನು ಕೊಯ್ದು ಹಗ್ಗದ ಮೇಲೆ ಜಾರಿಬಿಡುತ್ತಾನೆ. ಹಸಿಯಡಕೆಯನ್ನು ಸುಲಿದು ತೊಗರಿನ ನೀರಿನೊಡನೆ ತಾಮ್ರದ ಹಂಡೆಯಲ್ಲಿ ಬೇಯಿಸಿ, ಅಟ್ಟದ ಮೇಲೆ ಹರವಿ ಒಣಗಿಸಿದರೆ ಅದು ಕೆಂಪಡಕೆ. ಪೂರ್ಣ ಹಣ್ಣಾದ ಅಡಕೆಯನ್ನು ಸಿಪ್ಪೆಸಹಿತ ಆರೇಳು ವಾರ ಬಿಸಿಲಿನಲ್ಲಿ ಒಣಗಿಸಿ, ಅನಂತರ ಸುಲಿದರೆ ಅದು ಚಾಲಿ. ಸುಲಿಯುವ ಕೆಲಸ ರಾತ್ರಿ ಬಹುಹೊತ್ತಿನವರೆಗೆ ನಡೆಯುವುದುಂಟು. ಹೆಂಗಸರು, ಗಂಡಸರು, ನೆರೆಹೊರೆಯವರು ಕತ್ತಿಯ ಮುಂದೆ ಸಾಲಾಗಿ ಕುಳಿತು, ಕಥೆ ಹೇಳುತ್ತ ಸುಲಿಯುತ್ತಾರೆ. ಬೇಯಿಸಿದವನ ಕೈಗುಣದಿಂದ ಬಣ್ಣ ಬದಲಾಗುತ್ತದೆ. ಬಣ್ಣದಿಂದ ಬೆಲೆ ಬದಲಾಗುತ್ತದೆ. ರಾಶಿ, ಬೆಟ್ಟೆ, ತಟ್ಟಿಬೆಟ್ಟೆ, ಕೆಂಪುಗೋಟು, ಬಿಳೆಗೋಟು ಎಂದು ಪೇಟೆಯಲ್ಲಿ ಅಡಕೆಗಿರುವ ಹೆಸರುಗಳನ್ನು ಕೇಳಿದರೆ ಹೊರಗಿನವನು ಬೆರಗಾಗದಿರಲಾರ.

ಹಿಂದೆ ಈ ಬೆಲೆಯನ್ನು ನಿರ್ಣಯಿಸುತ್ತಿದ್ದವನು ಬೆಳೆಗಾರನಲ್ಲ. ಮಳೆಗಾಲದ ಖರ್ಚಿಗೆ ವ್ಯಾಪಾರಿಯಿಂದ ಮುಂಗಡ ತಂದವನು ಸುಗ್ಗಿಯಲ್ಲಿ ಅವನು ಹೇಳಿದ ದರಕ್ಕೇ ಮಾಲನ್ನು ಒಪ್ಪಿಸಬೇಕಾಗಿತ್ತು. ಈ ಕಟ್ಟನ್ನು ಸಡಿಲಿಸಲು ತೋಟಿಗರೇ ಸೇರಿ 1923ರಲ್ಲಿ ಶಿರಸಿಯಲ್ಲಿ ತೋಟಗಾರರ ಸಹಕಾರಿ ಮಾರಾಟ ಸಂಘವನ್ನು ಸ್ಥಾಪಿಸಿದರು. ಬಹಿರಂಗ ದರದಲ್ಲಿ ಮಾರಾಟ, ಸರಿಯಾದ ತೂಕ, ಸಕಾಲದಲ್ಲಿ ಹಣ ಇವು ಇಂದು ಸಹಜವೆನಿಸುತ್ತವೆ. ಅಂದಿನ ರೈತನಿಗೆ ಅವು ದೊಡ್ಡ ಗೆಲವುಗಳೇ ಆಗಿದ್ದವು. 2019ರಲ್ಲಿ ಈ ಮೂರು ತಾಲ್ಲೂಕುಗಳ ಅಡಕೆಗೆ ‘ಸಿರ್ಸಿ ಸುಪಾರಿ’ ಎಂಬ ಹೆಸರಿನಲ್ಲಿ ಭೌಗೋಳಿಕ ಗುರುತು ದೊರೆಯಿತು.

ಪೇಟೆಯಾಗಿ ಶಿರಸಿಯ ಏಳಿಗೆಗೆ ಅದರ ನೆಲೆಯೂ ಕಾರಣವಾಯಿತು. ವಿಜಯನಗರದ ಕಾಲದಿಂದ ಈ ಸೀಮೆಯನ್ನು ಆಳಿದವರು ಸೋದೆಯ ನಾಯಕರು. 1763ರ ಸುಮಾರಿಗೆ ಹೈದರಾಲಿಯ ದಂಡು ಸೋದೆಯನ್ನು ಹಿಡಿಯಿತು, ಅರಸನು ಗೋವೆಯ ಪೋರ್ಚುಗೀಸರ ಆಶ್ರಯಕ್ಕೆ ಹೋದನು, ರಾಜಧಾನಿ ಹಾಳುಬಿದ್ದಿತು. 1801ರಲ್ಲಿ ಈ ದಾರಿಯಾಗಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಎಂಬ ಬ್ರಿಟಿಷ್ ಅಧಿಕಾರಿಯು ಇಲ್ಲಿನ ಕಣಿವೆಗಳಲ್ಲಿ ಅಡಕೆ, ಮೆಣಸು, ಏಲಕ್ಕಿ ಒಂದೇ ತೋಟದಲ್ಲಿ ಬೆಳೆಯುವುದನ್ನು ಕಂಡು ವಿವರವಾಗಿ ಬರೆದಿಟ್ಟಿದ್ದಾನೆ. ಅನಂತರ ಬಂದದ್ದು ಹತ್ತಿಯ ಕಾಲ. ಅಮೆರಿಕದಲ್ಲಿ 1861ರಿಂದ 1865ರವರೆಗೆ ಅಂತರ್ಯುದ್ಧ ನಡೆದಾಗ ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿ ಸಾಲದೆ ಹೋಯಿತು. ಧಾರವಾಡ, ಹುಬ್ಬಳ್ಳಿಗಳ ಹತ್ತಿಯನ್ನು ಹೇರಿದ ಗಾಡಿಗಳು ಶಿರಸಿಯನ್ನು ಹಾದು, ದೇವಿಮನೆ ಘಟ್ಟವನ್ನಿಳಿದು ಕುಮಟೆಯ ಬಂದರಿಗೆ ಸಾಗಿದವು. ಈ ವ್ಯಾಪಾರದ ಅನುಕೂಲಕ್ಕಾಗಿಯೇ ಉತ್ತರದ ಕನ್ನಡ ಸೀಮೆಯನ್ನು 1862ರಲ್ಲಿ ಮದರಾಸು ಪ್ರಾಂತದಿಂದ ಬಿಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಲಾಯಿತು. ದೂರದ ದೇಶವೊಂದರ ಯುದ್ಧ ಮಲೆನಾಡಿನ ಗಾಡಿದಾರಿಯನ್ನು ಹಿರಿದಾಗಿಸಿದ್ದು ಚರಿತ್ರೆಯ ಒಂದು ಸೋಜಿಗ. ಅನಂತರ ಗೋವೆಯ ಮುರ್ಮಗೋವಾ ಬಂದರಿಗೆ ರೈಲು ಹಾಕಲಾಗಿ, ಹತ್ತಿ ಆ ದಾರಿ ಹಿಡಿಯಿತು. ಶಿರಸಿಗೆ ಅಡಕೆ ಉಳಿಯಿತು.

ಪಟ್ಟಣದ ನಡುವೆಯಿರುವ ಮಾರಿಕಾಂಬಾ ದೇವಾಲಯದ ಕಾಲವನ್ನು 1688ರ ಸುಮಾರು ಎಂದು ಹೇಳುತ್ತಾರೆ. ಹುಲಿಯನ್ನೇರಿದ, ಎಂಟು ತೋಳುಗಳ, ಏಳಡಿ ಎತ್ತರದ ಮರದ ಮೂರ್ತಿ ಇಲ್ಲಿಯದು. ಒಳಗೋಡೆಗಳ ಮೇಲೆ ಬಿಳಿಯ ಗಾರೆಯ ಮೇಲೆ ಕೆಮ್ಮಣ್ಣಿನ ಬಣ್ಣದಲ್ಲಿ ಮೂಡಿಸಿದ ಕಾವಿ ಚಿತ್ರಗಳನ್ನು ನೋಡದೆ ಮರಳಬಾರದು. ಎರಡು ವರ್ಷಗಳಿಗೊಮ್ಮೆ ನಡೆಯುವ ಜಾತ್ರೆಯಲ್ಲಿ ದೇವಿಯನ್ನು ರಥದಲ್ಲಿ ಬಿಡಕಿಬೈಲಿಗೆ ಕರೆತರುವರು. ಹಿಂದೆ ಈ ಜಾತ್ರೆಯಲ್ಲಿ ಕೋಣನನ್ನು ಬಲಿ ಕೊಡುತ್ತಿದ್ದರು. 1934ರಲ್ಲಿ ಗಾಂಧೀಜಿಯವರು ಹರಿಜನ ಯಾತ್ರೆಯ ನಡುವೆ ಶಿರಸಿಗೆ ಬಂದರು. ಅವರ ಆಗಮನದ ಪ್ರಭಾವದಿಂದ ಆ ಬಲಿ ನಿಂತಿತು. ಶತಮಾನಗಳ ವಾಡಿಕೆಯೊಂದನ್ನು ಊರವರೇ ಕೈಬಿಟ್ಟರು. ಜಾತ್ರೆಯ ಸಂಭ್ರಮವಾದರೋ ಕುಗ್ಗಲಿಲ್ಲ.

ಅದಕ್ಕೆ ಎರಡು ವರ್ಷ ಮೊದಲೇ ನೆರೆಯ ಸಿದ್ದಾಪುರದ ರೈತರು ಕರನಿರಾಕರಣೆಯ ಚಳವಳಿಯಲ್ಲಿ ಧುಮುಕಿದ್ದರು. ಸರಕಾರವು ಅವರ ಹೊಲಮನೆಗಳನ್ನು ಮುಟ್ಟುಗೋಲು ಹಾಕಿ ಹರಾಜಿಗಿಟ್ಟಿತು. ಹರಾಜಿನಲ್ಲಿ ಕೊಂಡವರ ಮನೆಯ ಮುಂದೆ ಹಳ್ಳಿಯ ಹೆಂಗಸರು ಉಪವಾಸ ಕುಳಿತರು. ಜೋಗದ ದಾರಿಯಲ್ಲಿ ಮಾವಿನಗುಂಡಿಯ ಸ್ಮಾರಕದ ಮುಂದೆ ಬಸ್ಸುಗಳು ವೇಗವಾಗಿ ಸಾಗಿಹೋಗುತ್ತವೆ. ಇಳಿದು ನೋಡುವವರು ಕಡಿಮೆ.

ಜಲಪಾತಗಳಿಗಾಗಿ ಬರುವವರಿಗೆ ಈ ಸೀಮೆಯಲ್ಲಿ ಕೊರತೆಯಿಲ್ಲ. ಶಿರಸಿಯ ಶಂಕರಹೊಂಡದ ಬಳಿ ಒಂದು ಕವಲಾಗಿ ಹುಟ್ಟುವ ಅಘನಾಶಿನಿಯು ಸಿದ್ದಾಪುರ ತಾಲ್ಲೂಕಿನ ಉಂಚಳ್ಳಿಯಲ್ಲಿ 116 ಮೀಟರ್ ಆಳಕ್ಕೆ ಧುಮುಕುತ್ತದೆ. ಯಲ್ಲಾಪುರದ ಮಾಗೋಡಿನಲ್ಲಿ ಬೇಡ್ತಿ ನದಿ ಎರಡು ನೆಗೆತಗಳಲ್ಲಿ ಕಣಿವೆಗೆ ಬೀಳುತ್ತದೆ. ಯಲ್ಲಾಪುರದ ಕಾಡಂಚಿನ ಹಳ್ಳಿಗಳಲ್ಲಿ ಸಿದ್ದಿ ಜನರು ವಾಸಿಸುತ್ತಾರೆ. ಇವರ ಪೂರ್ವಿಕರನ್ನು ಆಫ್ರಿಕಾದಿಂದ ಗುಲಾಮರನ್ನಾಗಿ ತರಲಾಗಿತ್ತು. ಚರಿತ್ರೆಯಲ್ಲಿ ಆಸಕ್ತಿಯಿರುವವನು ಶಾಲ್ಮಲಾ ನದಿಯ ಸಹಸ್ರಲಿಂಗಕ್ಕೆ ಬೇಸಗೆಯಲ್ಲಿ ಹೋಗಬೇಕು. ನೀರಿಳಿದಾಗ ಹೊಳೆಯ ಬಂಡೆಬಂಡೆಗಳ ಮೇಲೆ ಲಿಂಗ, ನಂದಿಗಳು ಕಾಣತೊಡಗುತ್ತವೆ. ಸೋದೆಯ ಅರಸ ಸದಾಶಿವರಾಯನ ಕಾಲದ ಕೆತ್ತನೆಗಳಿವು ಎನ್ನುತ್ತಾರೆ. ಪೂರ್ವಕ್ಕೆ ಸಾಗಿದರೆ ವರದಾ ತೀರದ ಬನವಾಸಿ. ನಾಲ್ಕನೆಯ ಶತಮಾನದಲ್ಲಿ ಕದಂಬ ಮಯೂರಶರ್ಮನು ರಾಜ್ಯ ಸ್ಥಾಪಿಸಿ ಆಳಿದ ಈ ಊರು ಅದಕ್ಕಿಂತಲೂ ಹಳೆಯದು. ಮಧುಕೇಶ್ವರ ದೇವಾಲಯದ ಆವರಣದಲ್ಲಿರುವ ಐದು ಹೆಡೆಯ ನಾಗಶಿಲೆಯ ಮೇಲೆ ಶಾತಕರ್ಣಿಗಳ ಕಾಲದ ಪ್ರಾಕೃತ ಶಾಸನವಿದೆ.

ಈ ದಾರಿಗಳಲ್ಲಿ ಓಡಾಡುವವನು ಕಣಿವೆಯ ತೋಟಗಳ ಮೇಲಿರುವ ಗುಡ್ಡಗಳನ್ನು ಗಮನಿಸಬೇಕು. ಅವುಗಳಿಗೆ ಸೊಪ್ಪಿನ ಬೆಟ್ಟಗಳೆಂದು ಹೆಸರು. ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಬೆಟ್ಟವನ್ನು ಬಿಟ್ಟುಕೊಡುವ ಪದ್ಧತಿ ಬ್ರಿಟಿಷರ ಕಾಲದಿಂದ ನಡೆದುಬಂದಿದೆ. ಅಲ್ಲಿಯ ಹಸಿಸೊಪ್ಪು ಹಾಗೂ ದರಕು ಕೊಟ್ಟಿಗೆಯಲ್ಲಿ ಗೊಬ್ಬರವಾಗಿ ತೋಟ ಸೇರುತ್ತವೆ. ಗುಡ್ಡದಲ್ಲಿ ಇಂಗಿದ ಮಳೆನೀರು ಬೇಸಗೆಯಲ್ಲಿ ತೋಟದ ಒರತೆಯಾಗುತ್ತದೆ. ಕಾಡು ಹೋದರೆ ಅಡಕೆಯೂ ಉಳಿಯದೆಂಬುದು ತೋಟಿಗರಿಗೆ ಪಾಠದಿಂದ ಬಂದ ತಿಳಿವಳಿಕೆಯಲ್ಲ. ಆದ್ದರಿಂದಲೇ ಬೇಡ್ತಿಗೆ ಅಣೆಕಟ್ಟು ಕಟ್ಟುವ ಯೋಜನೆಯನ್ನು 1980ರ ಸುಮಾರಿಗೆ ಅವರು ಒಟ್ಟಾಗಿ ವಿರೋಧಿಸಿದರು; ಯೋಜನೆ ನಿಂತಿತು. 1983ರ ಸೆಪ್ಟೆಂಬರ್ 8ರಂದು ಶಿರಸಿ ತಾಲ್ಲೂಕಿನ ಸಾಲ್ಕಣಿಯ ಜನರು, ಕಡಿಯಲು ಗುರುತು ಹಾಕಿದ ಮರಗಳನ್ನು ತಬ್ಬಿ ನಿಂತರು. ಹಿಮಾಲಯದ ಚಿಪ್ಕೊ ಚಳವಳಿಯ ಮಾದರಿಯಲ್ಲಿ ಮೂಡಿದ ಇದಕ್ಕೆ ಅಪ್ಪಿಕೋ ಎಂದು ಹೆಸರಾಯಿತು. ಕೊಡಲಿ ಹಿಡಿದು ಬಂದವರೂ ಬಡ ಕೂಲಿಗಳೇ ಆಗಿದ್ದರೆಂಬುದನ್ನೂ ಇಲ್ಲಿ ಮರೆಯಲಾಗದು.

ಇನ್ನೊಂದು ತೊಡಕು ಕೊಡಲಿಯಂತೆ ಕಣ್ಣಿಗೆ ಕಾಣುವಂಥದಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2004ರಲ್ಲಿ ಪ್ರಕಟಿಸಿದ ವರದಿಯು, ತಂಬಾಕಿಲ್ಲದೆ ಅಗಿದರೂ ಅಡಕೆಯು ಮನುಷ್ಯರಲ್ಲಿ ಕ್ಯಾನ್ಸರಿಗೆ ಕಾರಣವಾಗುವುದೆಂದು ಹೇಳಿತು. 2013ರಲ್ಲಿ ಕರ್ನಾಟಕ ಸರಕಾರವು ಗುಟ್ಕಾ ಮಾರಾಟವನ್ನು ನಿಷೇಧಿಸಿತು. ತಾಂಬೂಲವಿಲ್ಲದೆ ಮಂಗಲಕಾರ್ಯ ನಡೆಯದ ನಾಡಿನಲ್ಲಿ, ಅಡಕೆಯಿಂದಲೇ ಮಕ್ಕಳನ್ನು ಓದಿಸಿದ ಮನೆಗಳಲ್ಲಿ, ಈ ಮಾತು ಸುಲಭವಾಗಿ ಇಳಿಯುವಂಥದಲ್ಲ. ಆದರೂ ತೋಟದಲ್ಲಿ ಅಡಕೆಯೊಂದನ್ನೇ ನಂಬಿ ಕೂರಲಾಗದೆಂದು ಮಾತನಾಡುವವರು ಪ್ರಾಂಗಣದಲ್ಲೇ ಸಿಗುತ್ತಾರೆ. ಬಾಳೆ, ಏಲಕ್ಕಿ, ಜಾಯಿಕಾಯಿ, ಕೋಕೊ ಗಿಡಗಳು ಮರಗಳ ಸಾಲಿನ ನಡುವೆ ಬೆಳೆಯುತ್ತಿವೆ. ಬುಕಾನನ್ ಕಂಡ ಮೆಣಸಿನ ಬಳ್ಳಿಯು ಇಂದಿಗೂ ಅಡಕೆಯ ಮರವನ್ನೇ ತಬ್ಬಿ ಮೇಲೇರುತ್ತಿದೆ. ಕೊನೆ ಕೊಯ್ದು ಮುಗಿದ ಮೇಲೆ ಅದೇ ಮರಕ್ಕೆ ಏಣಿ ಹಾಕಿ, ಕರೆಗಳನ್ನು ಬಿಡಿಸಿ, ಅದೇ ಅಂಗಳದಲ್ಲಿ ಒಣಗಲು ಹರವುತ್ತಾರೆ.